ಅಡ್ಡಿಯೂ ಉದ್ದೇಶವೂ

ಕ್ರಿಕೆಟ್ಟಿನಲ್ಲಿ ದಾಂಡಿಗನು ಬೇಕೆಂದೇ ಎದುರು ಪಕ್ಷದವರಿಗೆ ಅಡ್ಡಿಪಡಿಸಿದರೆ ಔಟ್ ಆಗುವನೆಂಬುದು ಅನೇಕರಿಗೆ ತಿಳಿದ ಸಂಗತಿ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಹೀಗಲ್ಲ. ಅಲ್ಲಿ ‘ಅಬ್‌ಸ್ಟ್ರಕ್ಷನ್’ ಎಂಬುದು ಚೆಂಡು ತಡೆಯುವ ಪಕ್ಷದವನ ತಪ್ಪು. ಕೈಯಲ್ಲಿ ಚೆಂಡಿಲ್ಲದೆ, ಚೆಂಡು ಹಿಡಿಯುವ ಕ್ರಿಯೆಯಲ್ಲಿಯೂ ತೊಡಗಿರದೆ, ಓಟಗಾರನ ದಾರಿಗೆ ತೊಡಕಾದವನು ನಿಯಮಕ್ಕೆ ಗುರಿ. ಬೇಕೆಂದು ಮಾಡಿದನೆ, ಅರಿಯದೆ ಮಾಡಿದನೆ ಎಂದು ನಿಯಮವು ಕೇಳುವುದಿಲ್ಲ.

ಈ ಮಾತು ಒರೆಗೆ ಬಂದುದು 2013ನೆಯ ಅಕ್ಟೋಬರ್ 26ರ ರಾತ್ರಿ, ಸೇಂಟ್ ಲೂಯಿಸ್ ನಗರದಲ್ಲಿ. ಅಮೆರಿಕದ ವೃತ್ತಿಪರ ಬೇಸ್‌ಬಾಲಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಮೂರನೆಯ ಪಂದ್ಯವದು. ಒಂಬತ್ತನೆಯ ಸರದಿಯಲ್ಲಿ ಊರಿನ ಕಾರ್ಡಿನಲ್ಸ್ ತಂಡವೂ ಬಾಸ್ಟನ್ನಿನ ರೆಡ್ ಸಾಕ್ಸ್ ತಂಡವೂ 4–4ರಲ್ಲಿ ಸಮನಾಗಿದ್ದುವು. ಕಾರ್ಡಿನಲ್ಸ್‌ನ ಅಲೆನ್ ಕ್ರೇಗ್ ಮೂರನೆಯ ಬೇಸಿಗೆ ಧಾವಿಸಿದರು. ಅವರನ್ನು ಔಟ್ ಮಾಡಲೆಂದು ಎಸೆದ ಚೆಂಡು ಗುರಿತಪ್ಪಿತು. ಅದನ್ನು ಹಿಡಿಯಹೋದ ವಿಲ್ ಮಿಡ್ಲ್‌ಬ್ರೂಕ್ಸ್ ನೆಲಕ್ಕೆ ಬಿದ್ದರು. ಚೆಂಡು ಅವರನ್ನು ದಾಟಿ ಹೋಯಿತು. ಕೊನೆಯ ನೆಲೆಯಾದ ಹೋಮ್‌ನತ್ತ ಓಡಲು ಎದ್ದ ಕ್ರೇಗ್, ಬಿದ್ದಿದ್ದವರನ್ನು ಎಡವಿ ಮುಗ್ಗರಿಸಿದರು. ಚೆಂಡೇ ಅವರಿಗಿಂತ ಮೊದಲು ಹೋಮ್ ಸೇರಿತು. ಆದರೆ ಮೂರನೆಯ ಬೇಸಿನ ಅಂಪೈರ್ ಜಿಮ್ ಜಾಯ್ಸ್ ಆಗಲೇ ಅಡ್ಡಿಯ ಸಂಜ್ಞೆ ತೋರಿಸಿದ್ದರು. ಹೋಮ್‌ನ ಅಂಪೈರ್ ಡಾನಾ ಡಿಮ್ಯೂತ್ ‘ಸೇಫ್’ ಎಂದರು. ಕಾರ್ಡಿನಲ್ಸ್ 5–4ರಿಂದ ಗೆದ್ದಿತು. ಅಡ್ಡಿಯ ತೀರ್ಪಿನಿಂದ ವರ್ಲ್ಡ್ ಸೀರೀಸ್ ಪಂದ್ಯವೊಂದು ಮುಗಿದುದು ಅದೇ ಮೊದಲು.

ಬಿದ್ದವನು ತಟ್ಟನೆ ಎಲ್ಲಿಗೆ ಹೋಗಬೇಕಿತ್ತು? ಪ್ರಶ್ನೆ ಸಹಜವೇ. ಆದರೆ ನಿಯಮದ ವಿವರಣೆ ಇದನ್ನು ಮೊದಲೇ ಎಣಿಸಿದೆ: ಚೆಂಡು ಕೈತಪ್ಪಿ ಮುಂದೆ ಹೋದೊಡನೆ ‘ಹಿಡಿಯುವ ಕ್ರಿಯೆ’ ಮುಗಿಯಿತು; ಅನಂತರವೂ ನೆಲದ ಮೇಲೆಯೇ ಇದ್ದು ಓಟಗಾರನನ್ನು ತಡೆಸಿದರೆ ಅದು ಬಹುಮಟ್ಟಿಗೆ ಅಡ್ಡಿಯೇ.

ಅಂಪೈರ್ ತೂಗಬೇಕಾದುವು ಎರಡು. ಓಟಕ್ಕೆ ತಡೆಯಾಯಿತೆ? ತಡೆಯಿಲ್ಲದಿದ್ದರೆ ಓಟಗಾರನು ಎಲ್ಲಿಯವರೆಗೆ ತಲುಪುತ್ತಿದ್ದನು? ಆ ಓಟಗಾರನನ್ನೇ ಔಟ್ ಮಾಡುವ ಯತ್ನ ನಡೆದಿರುವಾಗ ಅಡ್ಡಿಯಾದರೆ ಆಟ ಅಲ್ಲಿಯೇ ನಿಲ್ಲುತ್ತದೆ, ಅವನಿಗೆ ಕಡಮೆಯೆಂದರೆ ಒಂದು ಬೇಸ್ ಮುಂದೆ ದೊರೆಯುತ್ತದೆ. ಇಲ್ಲವಾದರೆ ಆಟ ಸಾಗಲು ಬಿಟ್ಟು, ಕೊನೆಯಲ್ಲಿ ನಷ್ಟವನ್ನು ಸರಿಪಡಿಸಬೇಕು. ಸಾಫ್ಟ್‌ಬಾಲಿನಲ್ಲಿಯೂ ಅಂಪೈರ್ ಎಡಗೈಯನ್ನು ಪಕ್ಕಕ್ಕೆ ಚಾಚಿ ಅಡ್ಡಿಯನ್ನು ಸೂಚಿಸಿ, ಆಟವನ್ನು ಮುಂದುವರಿಯಗೊಡುತ್ತಾರೆ.

ಆ ಸರಣಿಯನ್ನು ಕೊನೆಗೆ ಗೆದ್ದುದು ಬಾಸ್ಟನ್ ತಂಡವೇ, 4–2ರಿಂದ. ಮಿಡ್ಲ್‌ಬ್ರೂಕ್ಸ್‌ಗೆ ಆ ತೀರ್ಪು ಕಳಂಕವಲ್ಲ. ಕರ್ತೃವಿನ ಮನಸ್ಸನ್ನು ಅಳೆಯುವ ಭಾರವನ್ನು ನಿಯಮವು ಅಂಪೈರ್ ಮೇಲೆ ಹೊರಿಸಿಲ್ಲ. ಕ್ರಿಯೆಯ ಫಲವನ್ನಷ್ಟೆ ನೋಡಹೇಳಿದೆ. ಯಾರೊಬ್ಬರನ್ನೂ ದುಷ್ಟರೆನ್ನದೆ, ನಷ್ಟಪಟ್ಟವನಿಗೆ ಅವನ ಪಾಲನ್ನು ಮರಳಿಸುವುದೂ ನ್ಯಾಯದ ಒಂದು ಮುಖ.