ಬಟ್ಟೆ ಒಣಗಿಸುವ ಬಿಸಿ: ಕೆಂಡದಿಂದ ಕರೆಂಟಿನವರೆಗೆ



ಮನುಷ್ಯನು ಬಟ್ಟೆ ನೇಯಲು ಕಲಿತ ಕಥೆಯನ್ನು ಚರಿತ್ರೆಯ ಪುಸ್ತಕಗಳು ವಿವರವಾಗಿ ಹೇಳುತ್ತವೆ. ಒಗೆದ ಬಟ್ಟೆಯನ್ನು ಒಣಗಿಸಿಕೊಂಡ ಕಥೆಯನ್ನು ಮಾತ್ರ ಯಾರೂ ಬರೆಯುವ ಗೋಜಿಗೆ ಹೋದಂತಿಲ್ಲ. ಬಿಸಿಲೂ ಗಾಳಿಯೂ ಪುಕ್ಕಟೆಯಾಗಿ ದೊರೆಯುವ ನಮ್ಮ ನಾಡಿನಲ್ಲಿ ಅದೊಂದು ಕಥೆಯೆಂದು ಯಾರಿಗೂ ತೋರಿರಲಿಕ್ಕಿಲ್ಲ. ಆದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಹಿತ್ತಲಿದ್ದ ಮನೆಗಳು ಒಂದೊಂದಾಗಿ ನಾಲ್ಕಂತಸ್ತಿನ ಕಟ್ಟಡಗಳಾಗಿವೆ. ಬಟ್ಟೆಯ ಹಗ್ಗಕ್ಕೆ ಎರಡು ಮಾರು ಜಾಗ ದೊರೆಯುವುದೂ ಕಷ್ಟವಾಗಿದೆ. ಅಮೆರಿಕದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು, "ಸಾರ್, ಹೊಸ ಮನೆಗೆ ಗ್ಯಾಸಿನ ಡ್ರೈಯರ್ ಕೊಳ್ಳುವುದೋ, ಕರೆಂಟಿನದೋ?" ಎಂದು ಈಚೆಗೆ ಕೇಳಿದಳು. ಕೆಂಗೇರಿಯ ನಮ್ಮ ಬಂಧುಗಳದು ಬೇರೆಯೇ ಪ್ರಶ್ನೆ: "ಡ್ರೈಯರ್ ನಮಗೆ ಬೇಕೇ?" ಎರಡಕ್ಕೂ ಉತ್ತರ ಹುಡುಕುತ್ತ ಹೋದಾಗ ಒಂದು ಶತಮಾನದ ಚರಿತ್ರೆಯೇ ಬಿಚ್ಚಿಕೊಂಡಿತು.

ಡ್ರೈಯರ್ ನಮಗೆ ಹೊಸದಿರಬಹುದು. ಅದರ ಹಿಂದಿನ ಉಪಾಯ ಹೊಸದಲ್ಲ. ಮಳೆಗಾಲದಲ್ಲಿ ಬಾಣಂತಿಯಿರುವ ಮನೆಯನ್ನು ನೆನೆಯಿರಿ. ಅಗ್ಗಿಷ್ಟಿಕೆಯಲ್ಲಿ ಕೆಂಡವಿಟ್ಟು, ಅದರ ಮೇಲೆ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ಮಗುವಿನ ಬಟ್ಟೆಗಳನ್ನು ಹರವುತ್ತಿದ್ದರು. ಕೆಂಡಕ್ಕೆ ಚಿಟಿಕೆ ಸಾಂಬ್ರಾಣಿ ಬಿದ್ದರೆ ಬಟ್ಟೆಗೆ ಸುವಾಸನೆಯೂ ಬರುತ್ತಿತ್ತು. 1800ರ ಸುಮಾರಿಗೆ ಫ್ರಾನ್ಸಿನ ಪೋಷೋನ್ ಎಂಬಾತ ಮಾಡಿದ ಸಾಧನವೂ ಹೆಚ್ಚು ಕಡಿಮೆ ಇಂಥದೇ. ತೂತುಗಳುಳ್ಳ ಪೀಪಾಯಿಯಲ್ಲಿ ಬಟ್ಟೆ ತುಂಬಿ, ಬೆಂಕಿಯ ಮೇಲೆ ಕೈಯಿಂದ ತಿರುಗಿಸುವುದು. 1892ರಲ್ಲಿ ಅಮೆರಿಕದ ಜಾರ್ಜ್ ಸ್ಯಾಂಪ್ಸನ್ ಒಲೆಯ ಬಿಸಿಯಿಂದ ಬಟ್ಟೆ ಒಣಗಿಸುವ ಚೌಕಟ್ಟಿಗೆ ಪೇಟೆಂಟ್ ಪಡೆದನು. ಹಿಮ ಬೀಳುವ ನಾರ್ತ್ ಡಕೋಟದ ರಾಸ್ ಮೂರ್ ಎಂಬಾತ ಚಳಿಯಲ್ಲಿ ಬಟ್ಟೆ ಹರವಿ ಬೇಸತ್ತು ತಿರುಗುವ ಡ್ರಮ್ಮಿನ ಯಂತ್ರವನ್ನು ರೂಪಿಸಿದನು. ಹ್ಯಾಮಿಲ್ಟನ್ ಕಂಪನಿಯು 1938ರಲ್ಲಿ ಅದನ್ನು 'ಜೂನ್ ಡೇ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅಂದೇ ಅದಕ್ಕೆ ಎರಡು ರೂಪಗಳಿದ್ದವು, ಒಂದು ಗ್ಯಾಸಿನದು, ಇನ್ನೊಂದು ವಿದ್ಯುತ್ತಿನದು. ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಹುಟ್ಟಿದ್ದೇ ಅಲ್ಲಿ.

ಅಮೆರಿಕದಲ್ಲಿ ಈ ಆಯ್ಕೆ ಸಾಧ್ಯವಾದದ್ದು ಬಹಳಷ್ಟು ಊರುಗಳಲ್ಲಿ ನೈಸರ್ಗಿಕ ಅನಿಲವು ಕೊಳವೆಯ ಮೂಲಕ ಮನೆಯೊಳಕ್ಕೇ ಬರುತ್ತಿದ್ದುದರಿಂದ. ನಮ್ಮಲ್ಲಿ ನಡೆದದ್ದು ಬೇರೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ಮಂಡಳಿಯು ರಾಜಾಜಿನಗರವನ್ನು ನಿರ್ಮಿಸಹೊರಟಾಗ, 1949ರಲ್ಲಿ, ವಿದ್ಯುತ್ತೆಂದರೆ ಮನೆಗಳಿಗೆ ದೀಪ, ಕಾರ್ಖಾನೆಗಳಿಗೆ ಶಕ್ತಿ. ಬಿಸಿಗೆ ಅದನ್ನು ಬಳಸುವುದು ದುಂದುಗಾರಿಕೆ. ನನ್ನ ಬಾಲ್ಯದಲ್ಲಿ ಬಚ್ಚಲಿನ ಹಂಡೆಗೆ ಸೌದೆ ಅಥವಾ ಮರದ ಹೊಟ್ಟಿನ ಒಲೆ, ಅಡುಗೆಗೆ ಇದ್ದಿಲು, ಸೀಮೆಎಣ್ಣೆ. ಮಳೆ ಹಿಡಿದ ದಿನಗಳಲ್ಲಿ ನಮ್ಮ ಶಾಲೆಯ ಅಂಗಿಗಳು ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಒಣಗುತ್ತಿದ್ದವು. ತರಗತಿಯಲ್ಲಿ ಯಾರ ಮನೆಯಲ್ಲಿ ಯಾವ ಒಲೆಯೆಂಬುದನ್ನು ಅಂಗಿಯ ಹೊಗೆಯ ವಾಸನೆಯಿಂದಲೇ ಹೇಳಬಹುದಾಗಿತ್ತು!

1965ರಲ್ಲಿ ಶರಾವತಿಯ ವಿದ್ಯುತ್ತು ಬಂದಿತು. ಅದೇ ವರ್ಷ ಕಲ್ಕತ್ತೆಯಲ್ಲಿ ಇಂಡೇನ್ ಅಡುಗೆ ಅನಿಲದ ಮಾರಾಟ ಆರಂಭವಾಯಿತು. ಎರಡೂ ಒಟ್ಟಿಗೆ ಬಂದರೂ ಜನಸಾಮಾನ್ಯರಿಗೆ ಎರಡೂ ಸುಲಭವಾಗಲಿಲ್ಲ. ಗ್ಯಾಸಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಾಗಿತ್ತು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಆರಂಭವಾಗುವವರೆಗೆ ನಮ್ಮ ರಾಜ್ಯವು ವಿದ್ಯುತ್ತಿಗೆ ನದಿಗಳನ್ನೇ ನಂಬಿತ್ತು. ಮಳೆ ಕೈಕೊಟ್ಟರೆ ವಿದ್ಯುತ್ ಕಡಿತ. ಮಳೆ ಬಂದ ವರ್ಷ ಬಟ್ಟೆ ಒಣಗದು, ಕರೆಂಟು ಇರುತ್ತದೆ. ಮಳೆ ಬಾರದ ವರ್ಷ ಕರೆಂಟು ಇರದು, ಬಟ್ಟೆ ತಾನೇ ಒಣಗುತ್ತದೆ. ಹೀಗಾಗಿ ಡ್ರೈಯರಿನ ಯೋಚನೆಯೇ ನಮಗೆ ಬರಲಿಲ್ಲವೆಂದರೆ ತಪ್ಪಾಗಲಾರದು.

ಗ್ಯಾಸೋ ಕರೆಂಟೋ ಎಂಬ ಪ್ರಶ್ನೆ ನಮ್ಮ ಊರಿನಲ್ಲಿ ನಿಜವಾಗಿ ಎದ್ದದ್ದು ಇಸ್ತ್ರಿ ಗಾಡಿಯ ಮುಂದೆ. ನನ್ನ ವಿದ್ಯಾರ್ಥಿಯೊಬ್ಬನ ತಂದೆ ರಾಜಾಜಿನಗರದ ಹೊಂಗೆಮರವೊಂದರ ಕೆಳಗೆ ಗಾಡಿ ಇಟ್ಟುಕೊಂಡಿದ್ದರು. ಹುಡುಗ ಬೆಳಿಗ್ಗೆ ಇದ್ದಿಲು ಹೊತ್ತಿಸಿಕೊಟ್ಟು ಶಾಲೆಗೆ ಬರುತ್ತಿದ್ದ. ಇದ್ದಿಲು ತುಂಬಿದ ಹಿತ್ತಾಳೆಯ ಪೆಟ್ಟಿಗೆ ಆರೇಳು ಕಿಲೋ ಭಾರ. ದಿನವಿಡೀ ಅದನ್ನು ಎತ್ತಿ ಇಳಿಸುವ ತೋಳಿನ ನೋವು ಒಂದಾದರೆ, ಬೂದಿ ಊದಿ ಊದಿ ಹತ್ತಿದ ಕೆಮ್ಮು ಇನ್ನೊಂದು. ವಿದ್ಯುತ್ ಪೆಟ್ಟಿಗೆ ಅವರಿಗೆ ಏಕೆ ಒದಗಲಿಲ್ಲ? ಮರದ ಬುಡಕ್ಕೆ ಮೀಟರು ಯಾರು ಕೊಡುತ್ತಾರೆ? ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವರನ್ನು ಶರಣರ ಸಾಲಿನಲ್ಲಿ ಗೌರವಿಸಿದ ನಾಡು ನಮ್ಮದು. ಅದೇ ಕಾಯಕದವರ ಉಸಿರಿನ ಬಗ್ಗೆ ನಾವು ಬಹುಕಾಲ ಯೋಚಿಸಲೇ ಇಲ್ಲ. ಈಚಿನ ವರ್ಷಗಳಲ್ಲಿ ಬೆಂಗಳೂರಿನ 'ಉದ್ಯಮ್' ಸಂಸ್ಥೆ ಗಾಡಿಯವರಿಗೆ ಅನಿಲದ ಇಸ್ತ್ರಿ ಪೆಟ್ಟಿಗೆಗಳನ್ನು ಪರಿಚಯಿಸಿತು. ಕೆಂಡ ಹೊತ್ತಿಸಲು ಕಾಯಬೇಕಾಗಿಲ್ಲ, ಕಿಡಿ ಹಾರಿ ಬಟ್ಟೆ ಸುಡುವ ಭಯವಿಲ್ಲ. ಬೀದಿಯ ಬಯಲಿನಲ್ಲಿ ಗ್ಯಾಸ್ ಗೆದ್ದಿತು. ಆ ವಿದ್ಯಾರ್ಥಿ ಈಗ ತನ್ನದೇ ಅಂಗಡಿಯಲ್ಲಿ ವಿದ್ಯುತ್ ಪೆಟ್ಟಿಗೆ ಇಟ್ಟುಕೊಂಡಿದ್ದಾನೆ. ಅವನಿಗೆ ಮೀಟರು ಸಿಕ್ಕಿದೆ. ಯಾವುದು ಮೇಲೆಂಬುದು ಇಂಧನದ ಗುಣದಿಂದ ಮಾತ್ರವಲ್ಲ, ನಿಂತ ಜಾಗದಿಂದಲೂ ತೀರ್ಮಾನವಾಗುತ್ತದೆ.

ಬಯಲಿನಲ್ಲಿ ಗೆದ್ದ ಗ್ಯಾಸೇ ಮುಚ್ಚಿದ ಕೋಣೆಯಲ್ಲಿ ಕೊಲ್ಲಬಲ್ಲದು. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿ ಪ್ರಾಣ ಕಳೆದುಕೊಂಡವರ ಸುದ್ದಿ ನಮ್ಮ ನಗರದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಗಾಳಿ ಸಾಲದೆ ಅನಿಲ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಗ್ಯಾಸಿನ ಡ್ರೈಯರಿಗೂ ಇದೇ ಮಾತು ಸಲ್ಲುತ್ತದೆ. ಅದರ ಹೊಗೆ ಕೊಳವೆಯ ಮೂಲಕ ಮನೆಯ ಹೊರಗೇ ಹೋಗಬೇಕು. ಡ್ರಮ್ಮು ತಿರುಗಲು ಅದಕ್ಕೂ ಕರೆಂಟು ಬೇಕೆಂಬುದನ್ನು ಮರೆಯಬಾರದು.

ನಾನು ವಿಜ್ಞಾನದ ಮೇಷ್ಟ್ರಲ್ಲದಿದ್ದರೂ ಒಂದು ಲೆಕ್ಕ ಹೇಳುತ್ತೇನೆ. ಐದು ಕಿಲೋ ಬಟ್ಟೆಯನ್ನು ಯಂತ್ರದಲ್ಲಿ ಹಿಂಡಿದ ಮೇಲೂ ಅದರಲ್ಲಿ ಸುಮಾರು ಮೂರು ಲೀಟರ್ ನೀರು ಉಳಿದಿರುತ್ತದೆ. ಅದನ್ನು ಆವಿಯಾಗಿಸಲು ಎರಡು ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಹಳೆಯ ಬಗೆಯ ಡ್ರೈಯರಿನಲ್ಲಿ ಬಿಸಿಗಾಳಿಯೊಂದಿಗೆ ವ್ಯರ್ಥವಾಗುವುದನ್ನೂ ಸೇರಿಸಿದರೆ ಮೂರು ಯೂನಿಟ್ಟಿನವರೆಗೆ ಹೋಗುತ್ತದೆ. ಆವಿಯನ್ನು ಮತ್ತೆ ನೀರಾಗಿಸಿ ಅದರ ಶಾಖವನ್ನು ಮರುಬಳಸುವ 'ಹೀಟ್ ಪಂಪ್' ಯಂತ್ರಕ್ಕೆ ಅದರ ಅರ್ಧದಷ್ಟು ಸಾಕು. ಬೆಲೆ ಮಾತ್ರ ಹೆಚ್ಚು.

ಆದ್ದರಿಂದ ಅಮೆರಿಕದ ವಿದ್ಯಾರ್ಥಿನಿಗೆ ಬರೆದೆ: ಮನೆಗೆ ಅನಿಲದ ಕೊಳವೆ ಈಗಾಗಲೇ ಇದ್ದು, ಹೊಗೆಗೊಳವೆ ಸರಿಯಾಗಿದ್ದು, ನಿಮ್ಮ ಊರಿನಲ್ಲಿ ಅನಿಲ ಅಗ್ಗವಾಗಿದ್ದರೆ ಗ್ಯಾಸ್ ಕೊಳ್ಳಮ್ಮ, ಕೊಳವೆಯನ್ನು ಹೊಸದಾಗಿ ಹಾಕಿಸಬೇಕಾದರೆ ವಿದ್ಯುತ್ತೇ ಮೇಲು. ಯಾವುದಾದರೂ ಸರಿ, ಜಾಲರಿಯಲ್ಲಿ ಸೇರುವ ನೂಲಿನ ಧೂಳನ್ನು ಪ್ರತಿ ಸಲವೂ ತೆಗೆ, ಅದಕ್ಕೆ ಬೆಂಕಿ ಹತ್ತುವುದುಂಟು. ಅಂಗಳದಲ್ಲಿ ಹಗ್ಗ ಕಟ್ಟಬಾರದೆಂದು ನೆರೆಹೊರೆಯ ಸಂಘಗಳು ನಿಯಮ ಮಾಡುವ ದೇಶ ಅದು. ಬಟ್ಟೆ ಹರವುವ ಹಕ್ಕನ್ನು ಕಾಪಾಡಲು ಫ್ಲೋರಿಡ, ವರ್ಮಾಂಟ್‌ನಂಥ ರಾಜ್ಯಗಳು ಕಾನೂನನ್ನೇ ಮಾಡಬೇಕಾಯಿತು!

ಕೆಂಗೇರಿಯವರಿಗೆ ಹೇಳಿದ್ದು ಬೇರೆ. ದಾಭೋಲ್‌ನಿಂದ ಬೆಂಗಳೂರಿಗೆ ಅನಿಲದ ಕೊಳವೆಮಾರ್ಗ 2013ರಲ್ಲಿ ಬಂದಿದೆ, ಹಲವು ಬಡಾವಣೆಗಳ ಅಡುಗೆಮನೆಯನ್ನೂ ಮುಟ್ಟಿದೆ. ಆದರೂ ನಮ್ಮ ಅಂಗಡಿಗಳಲ್ಲಿ ಮನೆಬಳಕೆಗೆ ದೊರೆಯುವ ಡ್ರೈಯರುಗಳು ಸಾಮಾನ್ಯವಾಗಿ ವಿದ್ಯುತ್ತಿನವೇ. ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ದಿನ ಬಿಟ್ಟು ದಿನ ಡ್ರೈಯರ್ ಓಡಿಸಿದರೆ ಅದೊಂದೇ ನಲವತ್ತೈದು ಯೂನಿಟ್ ನುಂಗೀತು. ವೃದ್ಧರೋ ಹಸುಗೂಸೋ ಇರುವ, ಬಿಸಿಲು ಕಾಣದ ಮನೆಗೆ ಅದು ಅಗತ್ಯ. ಉಳಿದವರು ಮೊದಲು ಕಟ್ಟಡದ ತಾರಸಿಯ ಬೀಗದ ಕೀಲಿಯನ್ನು ಕೇಳಿ ಪಡೆಯಲಿ. ಮೇಲೆ ಹಗ್ಗ ಕಟ್ಟುವಾಗ ನೆರೆಮನೆಯವರ ಪರಿಚಯವೂ ಆದೀತು.