ಹದಿನಾರು ಸುತ್ತ ಮನೆ, ಸೈಟು ತಗೊಳ್ತಿದ್ದೀರಾ? ಬ್ರೋಕರ್ ಕೈಗೆ ಅಡ್ವಾನ್ಸ್ ಕೊಡೋ ಮೊದಲು ಇಷ್ಟು ನೋಡ್ಕೊಳ್ಳಿ

ನಂಜನಗೂಡು: ಮೈಸೂರಿನಿಂದ ನಂಜನಗೂಡಿಗೆ ಬರೋ ರಸ್ತೆಯಲ್ಲೂ, ತಿ. ನರಸೀಪುರಕ್ಕೆ ಹೋಗೋ ರಸ್ತೆಯಲ್ಲೂ ಸೈಟ್ ಮಾರಾಟದ ಬೋರ್ಡುಗಳಿಗೆ ಕೊರತೆ ಇಲ್ಲ. ಹದಿನಾರು, ಸುತ್ತೂರು ಕಡೆಯ ಹಳ್ಳಿಗಳಲ್ಲೂ ಟೀ ಅಂಗಡಿ ಮುಂದೆ ಕೂತರೆ "ಒಂದು ಒಳ್ಳೆ ಮನೆ ಬಂದದೆ, ನೋಡ್ತೀರಾ ಅಣ್ಣ?" ಅನ್ನೋ ಮಾತು ಕೇಳಿಸುತ್ತೆ. ನಮ್ಮ ಕಡೆ ಮನೆ ವ್ಯಾಪಾರ ನಡೆಯೋದೇ ಪರಿಚಯದ ಬ್ರೋಕರ್ ಮೂಲಕ. ಅದರಲ್ಲಿ ತಪ್ಪೇನೂ ಇಲ್ಲ. ಒಳ್ಳೆ ಬ್ರೋಕರ್ ಇದ್ರೆ ನಾಲ್ಕು ತಿಂಗಳ ಓಡಾಟ ನಾಲ್ಕು ದಿನಕ್ಕೆ ಮುಗಿಯುತ್ತೆ.

ತೊಂದರೆ ಬರೋದು ಬೇರೆ ಕಡೆ. ಬ್ರೋಕರ್ ಪರಿಚಯದವನು ಅಂತ ಕಾಗದ ನೋಡದೆ ದುಡ್ಡು ಕೊಟ್ಟುಬಿಡ್ತೀವಿ. ಚೀಟಿ ಎತ್ತಿದ ದುಡ್ಡು, ಹೆಂಡತಿ ಒಡವೆ ಅಡ ಇಟ್ಟ ದುಡ್ಡು, ಅಂಗಡಿ ಬಂಡವಾಳ ಎಲ್ಲಾ ಒಂದೇ ಸಲ ಹೋಗಿ ಕೂರುತ್ತೆ. ಬ್ರೋಕರ್ ಮನೆ ತೋರಿಸ್ತಾನೆ, ಮಾತು ಕುದುರಿಸ್ತಾನೆ. ಕಾಗದ ಸರಿ ಇದೆಯಾ ಅಂತ ನೋಡೋ ಜವಾಬ್ದಾರಿ ಮಾತ್ರ ತಗೊಳ್ಳೋರದ್ದೇ. ಏನೇನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಅನ್ನೋದು ಇಲ್ಲಿದೆ.

ಮೊದಲು ಬ್ರೋಕರ್ ಜೊತೆ ಮಾತಾಡಿಕೊಳ್ಳಿ

ಮನೆ ನೋಡೋಕೆ ಬೈಕ್ ಹತ್ತೋ ಮುಂಚೆ ಈ ನಾಲ್ಕು ಪ್ರಶ್ನೆ ಕೇಳಿ.

1. ಕಮಿಷನ್ ಎಷ್ಟು? ಸಾಮಾನ್ಯವಾಗಿ 1ರಿಂದ 2 ಪರ್ಸೆಂಟ್ ಕೇಳ್ತಾರೆ, ಎರಡೂ ಕಡೆಯಿಂದ ತಗೊಳ್ಳೋದೂ ಉಂಟು. ಮೊದಲೇ ಮಾತಾಡಿ, ನೋಂದಣಿ ಆದ ದಿನ ಕೊಡ್ತೀವಿ ಅಂತ ಹೇಳಿ. ಅಡ್ವಾನ್ಸ್ ದಿನವೇ ಪೂರ್ತಿ ಕಮಿಷನ್ ಕೊಟ್ರೆ ಆಮೇಲೆ ಫೋನ್ ಎತ್ತೋದು ಕಷ್ಟ.

2. ಮಾಲೀಕರು ಯಾರು, ಯಾವತ್ತು ಭೇಟಿ ಮಾಡಿಸ್ತೀರಾ? ಮಾಲೀಕರನ್ನ ನೋಡೋಕೇ ಬಿಡದ ಬ್ರೋಕರ್ ಇದ್ರೆ ಅನುಮಾನ ಪಡಿ. ಮಾಲೀಕರಿಗೆ 18 ಲಕ್ಷ ಅಂತ ಹೇಳಿ, ನಿಮಗೆ 20 ಲಕ್ಷ ಹೇಳಿ, ನಡುವಿನ ದುಡ್ಡು ಇಟ್ಟುಕೊಳ್ಳೋ ಪದ್ಧತಿ ಎಲ್ಲಾ ಕಡೆ ಇದೆ. ಮಾಲೀಕರ ಬಾಯಿಂದಲೇ ರೇಟು ಕೇಳಿದ್ರೆ ಇದು ನಿಲ್ಲುತ್ತೆ.

3. ಈ ಆಸ್ತಿ ಮೇಲೆ ನೀವೇ ಅಗ್ರಿಮೆಂಟ್ ಮಾಡ್ಕೊಂಡಿದ್ದೀರಾ? ಕೆಲವರು ಮಾಲೀಕರಿಗೆ ಸ್ವಲ್ಪ ಅಡ್ವಾನ್ಸ್ ಕೊಟ್ಟು, ಆ ಅಗ್ರಿಮೆಂಟ್ ಇಟ್ಟುಕೊಂಡೇ ಇನ್ನೊಬ್ಬರಿಗೆ ಮಾರ್ತಾರೆ. ಅಗ್ರಿಮೆಂಟ್ ನೋಂದಣಿ ಆಗಿಲ್ಲ ಅಂದ್ರೆ ಇಸಿಯಲ್ಲಿ ಅದು ಕಾಣೋದೇ ಇಲ್ಲ. ಒಂದೇ ಮನೆಗೆ ಇಬ್ಬರು ಮೂವರು ಅಡ್ವಾನ್ಸ್ ಕೊಟ್ಟಿರೋ ಜಗಳಗಳು ಶುರುವಾಗೋದು ಇಲ್ಲಿಂದಲೇ.

4. ರೇರಾ ನಂಬರ್ ಇದೆಯಾ? 2016ರ ರಿಯಲ್ ಎಸ್ಟೇಟ್ ಕಾಯ್ದೆ ಪ್ರಕಾರ, ರೇರಾದಲ್ಲಿ ನೋಂದಣಿ ಆಗಬೇಕಾದ ಲೇಔಟ್ ಅಥವಾ ಫ್ಲಾಟ್ ಮಾರೋ ಏಜೆಂಟ್ ತಾನೂ ನೋಂದಣಿ ಆಗಿರಬೇಕು. ಯೋಜನಾ ಪ್ರದೇಶದಲ್ಲಿ 500 ಚದರ ಮೀಟರ್, ಅಂದ್ರೆ ಸುಮಾರು 5 ಗುಂಟೆಗಿಂತ ದೊಡ್ಡ ಲೇಔಟ್ ಇದ್ರೆ ಈ ನಿಯಮ ಬರುತ್ತೆ. ನಂಬರನ್ನ ರೇರಾ ಕರ್ನಾಟಕ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಊರೊಳಗಿನ ಹಳೆ ಮನೆ ಮಾರಿಸೋ ಬ್ರೋಕರ್‌ಗೆ ರೇರಾ ನೋಂದಣಿ ಕಡ್ಡಾಯ ಇಲ್ಲ. ಹಾಗಾಗಿ ಅಂಥ ವ್ಯಾಪಾರದಲ್ಲಿ ರೇರಾ ರಕ್ಷಣೆಯೂ ಇರಲ್ಲ, ಹುಷಾರಾಗಿರಬೇಕಾದ್ದು ನೀವೇ.

ಯಾವ ಥರದ ಆಸ್ತಿ ಅಂತ ತಿಳ್ಕೊಳ್ಳಿ

ನಮ್ಮ ಎರಡು ತಾಲ್ಲೂಕಿನಲ್ಲಿ ಮಾರಾಟಕ್ಕೆ ಬರೋ ಆಸ್ತಿ ನಾಲ್ಕು ಥರ. ಒಂದೊಂದಕ್ಕೂ ಕಾಗದ ಬೇರೆ.

ಗ್ರಾಮಠಾಣಾ ಮನೆ: ಹದಿನಾರಿನಂಥ ಹಳೇ ಊರುಗಳ ಒಳಗಿನ ಮನೆಗಳು. ಎಷ್ಟೋ ಮನೆಗೆ ಅಜ್ಜನ ಕಾಲದ ಕಂದಾಯ ರಸೀದಿ ಬಿಟ್ರೆ ಬೇರೆ ಕಾಗದ ಇರಲ್ಲ. ಕಂದಾಯ ರಸೀದಿ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ ಅಷ್ಟೇ, ಮಾಲೀಕತ್ವಕ್ಕೆ ಅಲ್ಲ. ಗ್ರಾಮ ಪಂಚಾಯಿತಿಯಿಂದ ಇ-ಸ್ವತ್ತು ಮಾಡಿಸಿ, ನಮೂನೆ 9 ಮತ್ತು 11ಎ ಬಂದ ಮೇಲೇ ಮುಂದಿನ ಮಾತು.

ಲೇಔಟ್ ಸೈಟು: ಮೊದಲು ಭೂಪರಿವರ್ತನೆ ಆದೇಶ, ಅದರ ಮೇಲೆ ಯೋಜನಾ ಪ್ರಾಧಿಕಾರದ ಲೇಔಟ್ ಅನುಮೋದನೆ, ಆಮೇಲೆ ಸೈಟ್ ಬಿಡುಗಡೆ ಪತ್ರ. ಮೂರೂ ಬೇಕು. ಬೋರ್ಡ್ ಮೇಲೆ "ಮುಡಾ ಅಪ್ರೂವ್ಡ್" ಅಂತ ಬರೆದಿದ್ರೆ ಸಾಲದು. ಮುಡಾ ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರ ಆಗಿದೆ. ಅನುಮೋದನೆ ನಂಬರ್, ದಿನಾಂಕ ಕೇಳಿ, ಕಚೇರಿಯಲ್ಲೇ ವಿಚಾರಿಸಿ. ಬರೀ ಅರ್ಜಿ ಹಾಕಿ ಅನುಮೋದನೆ ಸಿಕ್ಕಿದೆ ಅನ್ನೋರೂ ಇದ್ದಾರೆ.

ಗುಂಟೆ ಲೆಕ್ಕದ ಜಮೀನು: ಪರಿವರ್ತನೆ ಆಗದ ಹೊಲ ಗದ್ದೆಯನ್ನ 2 ಗುಂಟೆ, 3 ಗುಂಟೆ ಅಂತ ಸೈಟ್ ಥರ ಮಾರೋದು. 1 ಗುಂಟೆ ಅಂದ್ರೆ 1,089 ಚದರ ಅಡಿ. ರೇಟು ಕಡಿಮೆ ಅಂತ ಜನ ಬೀಳ್ತಾರೆ. ಒಂದೇ ಪಹಣಿಯಲ್ಲಿ ಹತ್ತು ಹದಿನೈದು ಜನರ ಹೆಸರು ಜಂಟಿಯಾಗಿ ಕೂರುತ್ತೆ, ನಿಮ್ಮ ತುಂಡು ಯಾವುದು ಅಂತ ನಕ್ಷೆ ಇರಲ್ಲ, ಮನೆ ಕಟ್ಟೋಕೆ ಲೈಸೆನ್ಸ್ ಸಿಗಲ್ಲ, ಬ್ಯಾಂಕ್ ಸಾಲವೂ ಇಲ್ಲ.

ನಗರ ವ್ಯಾಪ್ತಿಯ ಮನೆ: ನಂಜನಗೂಡು ನಗರಸಭೆ, ತಿ. ನರಸೀಪುರ ಪುರಸಭೆ ವ್ಯಾಪ್ತಿಯಲ್ಲಿ ಇ-ಖಾತಾ ಇಲ್ಲದೆ ಕ್ರಯಪತ್ರ ನೋಂದಣಿ ಆಗಲ್ಲ. 2024ರ ಅಕ್ಟೋಬರ್‌ನಿಂದ ರಾಜ್ಯದ ಎಲ್ಲಾ ನಗರ ಸ್ಥಳೀಯ ಸಂಸ್ಥೆಗಳಲ್ಲೂ ಇದು ಕಡ್ಡಾಯ. "ಖಾತೆ ಆಮೇಲೆ ಮಾಡಿಸಿ ಕೊಡ್ತೀವಿ" ಅಂದ್ರೆ, ಮಾಡಿಸಿ ತನ್ನಿ ಆಮೇಲೆ ಅಡ್ವಾನ್ಸ್ ಅಂತ ಹೇಳಿ. ಎ ಖಾತಾನೋ ಬಿ ಖಾತಾನೋ ಅಂತಲೂ ಕೇಳಿ.

ಕಾಗದ ಪತ್ರ: ಒಂದೊಂದಾಗಿ

* ಮೂಲಪತ್ರ: ಜೆರಾಕ್ಸ್ ಬೇಡ, ಒರಿಜಿನಲ್ ತೋರಿಸಿ ಅನ್ನಿ. ಒರಿಜಿನಲ್ ಮನೆಯಲ್ಲಿ ಇಲ್ಲ ಅಂದ್ರೆ ಬ್ಯಾಂಕಿನಲ್ಲೋ, ಫೈನಾನ್ಸ್‌ನಲ್ಲೋ, ಕೈಸಾಲ ಕೊಟ್ಟೋರ ಹತ್ರವೋ ಅಡ ಇದೆ ಅಂತಲೇ ತಿಳ್ಕೊಳ್ಳಿ.

* ಇಸಿ, ಅಂದ್ರೆ ಋಣಭಾರ ಪತ್ರ: ಕಾವೇರಿ 2.0 ವೆಬ್‌ಸೈಟ್‌ನಲ್ಲಿ ನೀವೇ ಅರ್ಜಿ ಹಾಕಿ ತೆಗೆಸಬಹುದು. ಬ್ರೋಕರ್ ತಂದುಕೊಟ್ಟಿದ್ದನ್ನೇ ನಂಬಬೇಡಿ. ಕಂಪ್ಯೂಟರ್‌ನಲ್ಲಿ ಸಿಗೋದು 2004ರ ಏಪ್ರಿಲ್‌ನಿಂದ ಈಚೆಗಿನದ್ದು. ಅದಕ್ಕಿಂತ ಹಿಂದಿನದ್ದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲೇ ಅರ್ಜಿ ಕೊಡಬೇಕು. 30 ವರ್ಷದ್ದು ತೆಗೆಸಿ. ವ್ಯವಹಾರ ಇದ್ರೆ ನಮೂನೆ 15, ಏನೂ ಇಲ್ಲದಿದ್ರೆ ನಮೂನೆ 16 ಬರುತ್ತೆ.

* ಪಹಣಿ: ಲೇಔಟ್ ಆಗಿದ್ರೂ ಮೂಲ ಸರ್ವೆ ನಂಬರಿನ ಹಳೆ ಪಹಣಿ ನೋಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಸಾಲ, ಕೋರ್ಟ್ ತಡೆ, ಭೂಸ್ವಾಧೀನ ಇಂಥವು ಇರುತ್ತೆ. ಸೊಸೈಟಿ ಬೆಳೆ ಸಾಲ ಹಲವು ಸಲ ಇಲ್ಲೇ ಸಿಕ್ಕಿಬೀಳುತ್ತೆ. ಕೈಗಾರಿಕಾ ಪ್ರದೇಶದ ಸುತ್ತ, ನಾಲೆ ಹಾದುಹೋಗೋ ಕಡೆ ಭೂಸ್ವಾಧೀನದ ನಮೂದು ಇದೆಯಾ ಅಂತ ಮುಖ್ಯವಾಗಿ ನೋಡಿ.

* ಗ್ರಾಂಟ್ ಜಮೀನಾ?: ಇದು ನಮ್ಮ ಕಡೆ ತುಂಬಾ ಮುಖ್ಯ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಮುಂಚಿತ ಅನುಮತಿ ಇಲ್ಲದೆ ಮಾರೋ ಹಾಗಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಇದೆ. ಅನುಮತಿ ಇಲ್ಲದೆ ಕೊಂಡ್ರೆ ಕ್ರಯ ಅಸಿಂಧು, ಜಮೀನು ಮೂಲ ಮಂಜೂರುದಾರರ ಕುಟುಂಬಕ್ಕೆ ವಾಪಸ್ ಹೋಗುತ್ತೆ. ಆ ಕುಟುಂಬಗಳ ಭೂಮಿ ಉಳಿಸೋಕೇ ಮಾಡಿರೋ ಕಾನೂನು ಇದು. 2023ರ ತಿದ್ದುಪಡಿ ಆದ ಮೇಲೆ ವಾಪಸ್ ಕೇಳೋಕೆ ಕಾಲಮಿತಿಯೂ ಇಲ್ಲ. "ಮೂವತ್ತು ವರ್ಷ ಆಯ್ತು, ಇನ್ನೇನಾಗುತ್ತೆ" ಅನ್ನೋ ಮಾತು ಕೇಳಬೇಡಿ. ಸಾಗುವಳಿ ಚೀಟಿ, ಮಂಜೂರಾತಿ ಆದೇಶ ಇದೆಯಾ ಅಂತ ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿನಲ್ಲಿ ವಿಚಾರಿಸಿ.

* ವಂಶವೃಕ್ಷ: ಪಿತ್ರಾರ್ಜಿತ ಆಸ್ತಿ ಆದ್ರೆ ಮನೆಯ ಹೆಣ್ಣುಮಕ್ಕಳಿಗೂ ಪಾಲಿದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಇನ್ನೂ ಖಚಿತ ಮಾಡಿದೆ. ಮದುವೆ ಆಗಿ ಹೋದ ಅಕ್ಕತಂಗಿಯರ ಸಹಿಯೂ ಬೇಕು. ಅಣ್ಣತಮ್ಮ ಇಬ್ಬರೇ ಸಹಿ ಹಾಕಿದ ಕ್ರಯ ನಾಳೆ ಕೋರ್ಟಿಗೆ ಹೋಗಬಹುದು. ಪಾಲುದಾರರಲ್ಲಿ ಮೈನರ್ ಮಕ್ಕಳಿದ್ರೆ ವಕೀಲರನ್ನ ಕೇಳದೆ ಮುಂದೆ ಹೋಗಬೇಡಿ.

* ಜಿಪಿಎ: ಮಾಲೀಕರ ಬದಲು ಜಿಪಿಎ ಇಟ್ಟುಕೊಂಡೋರು ಮಾರ್ತಿದ್ರೆ, ಜಿಪಿಎ ನೋಂದಣಿ ಆಗಿದೆಯಾ, ಬರೆದುಕೊಟ್ಟೋರು ಬದುಕಿದ್ದಾರಾ, ರದ್ದು ಮಾಡಿದ್ದಾರಾ ನೋಡಿ. ನಿಮಗೆ ಕ್ರಯಪತ್ರದ ಬದಲು ಬರೀ ಜಿಪಿಎ ಕೊಡ್ತೀವಿ ಅಂದ್ರೆ ಬೇಡವೇ ಬೇಡ. ಜಿಪಿಎಯಿಂದ ಆಸ್ತಿ ಹಕ್ಕು ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಇಷ್ಟೂ ಕಾಗದದ ನಕಲು ತಗೊಂಡು ನಿಮ್ಮದೇ ವಕೀಲರಿಗೆ ತೋರಿಸಿ. ಬ್ರೋಕರ್ ಪರಿಚಯಿಸಿದ ವಕೀಲರು ಬೇಡ, ಮಾರೋರ ಕಡೆ ಪತ್ರ ಬರಹಗಾರರೂ ಬೇಡ. ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿದ್ರೆ ಬ್ಯಾಂಕಿನವರೂ ಕಾಗದ ಪರೀಕ್ಷೆ ಮಾಡಿಸ್ತಾರೆ. ಬ್ಯಾಂಕು ಬೇಡ ಅಂದ ಆಸ್ತಿಯನ್ನ ಕೈದುಡ್ಡಿನಲ್ಲಿ ತಗೊಳ್ಳೋ ಮೊದಲು ಯಾಕೆ ಬೇಡ ಅಂದ್ರು ಅಂತ ಕೇಳಿ.

ಜಾಗಕ್ಕೆ ಎರಡು ಸಲ ಹೋಗಿ

ಬ್ರೋಕರ್ ಜೊತೆ ಒಂದ್ಸಲ, ಮನೆಯವರ ಜೊತೆ ಇನ್ನೊಂದ್ಸಲ ಹೋಗಿ. ಅಕ್ಕಪಕ್ಕದೋರನ್ನ ಮಾತಾಡಿಸಿ. ಜಗಳ ಇದ್ರೆ ಪಕ್ಕದ ಮನೆಯೋರಿಗೆ ಗೊತ್ತಿರುತ್ತೆ.

ಕ್ರಯಪತ್ರದ ಚೆಕ್ಕುಬಂದಿಗೂ ಜಾಗಕ್ಕೂ ತಾಳೆ ನೋಡಿ. ಟೇಪ್ ಹಿಡಿದು ಅಳೆಯಿರಿ. ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲೇ ನಿಂತರೆ ಯಾವ ಸರ್ವೆ ನಂಬರ್, ಪಕ್ಕದಲ್ಲಿ ಕೆರೆ ಇದೆಯಾ ಹಳ್ಳ ಇದೆಯಾ ಅಂತ ಅಂದಾಜು ಸಿಗುತ್ತೆ. ಪಹಣಿಯಲ್ಲಿ "ಬ ಖರಾಬು" ಅಂತ ಇದ್ರೆ ಅದು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಆ ಭಾಗ ಯಾರಿಗೂ ಮಾರೋ ಹಾಗಿಲ್ಲ. ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಪಿಲೆ ಎಲ್ಲಿವರೆಗೂ ಬರ್ತಾಳೆ ಅಂತಲೂ ಕೇಳಿ. 2018 ಮತ್ತು 2019ರ ಪ್ರವಾಹ ಕಂಡ ನಂಜನಗೂಡಿನೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಸಂಗಮದ ಊರು ತಿ. ನರಸೀಪುರದಲ್ಲೂ ಅಷ್ಟೇ.

ಮನೆಯಲ್ಲಿ ಯಾರಾದ್ರೂ ವಾಸ ಇದ್ರೆ ಬಾಡಿಗೆಗೋ ಭೋಗ್ಯಕ್ಕೋ ಕೇಳಿ. ಭೋಗ್ಯ ಅಂದ್ರೆ ಮಾಲೀಕರು ಆಗಲೇ ಲಕ್ಷಗಟ್ಟಲೆ ದುಡ್ಡು ತಗೊಂಡಿರ್ತಾರೆ. ಅದನ್ನ ವಾಪಸ್ ಕೊಡೋರು ಯಾರು ಅಂತ ಅಗ್ರಿಮೆಂಟಿನಲ್ಲಿ ಬರೆಸಿ. ಮುಂದೆ ಅಂಗಡಿ ಮಳಿಗೆ ಇದ್ರೆ ಅದರ ಬಾಡಿಗೆ ಕರಾರನ್ನೂ ನೋಡಿ. ಕರೆಂಟ್ ಬಿಲ್, ನೀರಿನ ಬಿಲ್, ಕಂದಾಯ ಬಾಕಿ ಚುಕ್ತಾ ಮಾಡಿಸಿ.

ದುಡ್ಡು ಹೇಗೆ ಕೊಡಬೇಕು

ಅಡ್ವಾನ್ಸ್ ಮಾಲೀಕರ ಬ್ಯಾಂಕ್ ಖಾತೆಗೆ ಮಾತ್ರ. ಬ್ರೋಕರ್ ಫೋನ್‌ಪೇಗೆ "ಟೋಕನ್" ಅಂತ ಹಾಕಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಅಡ್ವಾನ್ಸ್ ತಗೊಳ್ಳೋದನ್ನ ಆದಾಯ ತೆರಿಗೆ ಕಾನೂನು ಒಪ್ಪಲ್ಲ, ತಗೊಂಡೋರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬೆಂಗಳೂರಿನ ಒಂದು ಆಸ್ತಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಇನ್ನೊಂದು ಮಾತು ಹೇಳಿದೆ: 2 ಲಕ್ಷ ಮತ್ತು ಮೇಲ್ಪಟ್ಟು ನಗದು ಕೊಟ್ಟಿದ್ದೀನಿ ಅಂತ ಯಾರಾದ್ರೂ ದಾವೆ ಹಾಕಿದ್ರೆ, ಕೋರ್ಟು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು.

"ಮಾರ್ಗಸೂಚಿ ಬೆಲೆಗೆ ರಿಜಿಸ್ಟರ್ ಮಾಡಿಸಿ, ಉಳಿದದ್ದು ಕ್ಯಾಶ್ ಕೊಡಿ" ಅನ್ನೋದು ಮಾಮೂಲಿ. ವ್ಯಾಪಾರ ಮುರಿದ್ರೆ ಕಾಗದದಲ್ಲಿ ಇರೋ ದುಡ್ಡಿಗೆ ಮಾತ್ರ ಆಧಾರ ಇರುತ್ತೆ. ಕ್ಯಾಶ್ ಕೊಟ್ಟಿದ್ದಕ್ಕೆ ಬ್ರೋಕರೂ ಸಾಕ್ಷಿ ಹೇಳೋಕೆ ಬರಲ್ಲ.

ಅಗ್ರಿಮೆಂಟನ್ನ ನೋಂದಣಿ ಮಾಡಿಸಿ. ಒಟ್ಟು ಬೆಲೆ, ಎಷ್ಟು ದಿನದೊಳಗೆ ಕ್ರಯ, ಕಾಗದ ಸರಿ ಇಲ್ಲ ಅಂದ್ರೆ ಅಡ್ವಾನ್ಸ್ ಯಾವಾಗ ವಾಪಸ್, ಎಲ್ಲಾ ಪಾಲುದಾರರ ಸಹಿ, ಇಷ್ಟೂ ಇರಬೇಕು. ರೇರಾ ಲೇಔಟ್ ಆದ್ರೆ, ಅಗ್ರಿಮೆಂಟ್ ನೋಂದಣಿ ಆಗೋ ಮೊದಲು 10 ಪರ್ಸೆಂಟ್‌ಗಿಂತ ಹೆಚ್ಚು ದುಡ್ಡು ಕೇಳೋ ಹಾಗೇ ಇಲ್ಲ.

ನೋಂದಣಿ ಖರ್ಚಿನ ಲೆಕ್ಕ

ಪಂಚಾಯಿತಿ ವ್ಯಾಪ್ತಿಯ 20 ಲಕ್ಷ ರೂಪಾಯಿ ಮನೆಗೆ ಹೀಗೆ:

* ಮುದ್ರಾಂಕ ಶುಲ್ಕ 5 ಪರ್ಸೆಂಟ್: 1,00,000
* ಅದರ ಮೇಲೆ ಸೆಸ್ 10 ಪರ್ಸೆಂಟ್: 10,000
* ಅದರ ಮೇಲೆ ಸರ್‌ಚಾರ್ಜ್ 3 ಪರ್ಸೆಂಟ್: 3,000
* ನೋಂದಣಿ ಶುಲ್ಕ 2 ಪರ್ಸೆಂಟ್: 40,000
* ಒಟ್ಟು: 1,53,000 ರೂಪಾಯಿ

ನಗರ ವ್ಯಾಪ್ತಿಯಲ್ಲಿ ಸರ್‌ಚಾರ್ಜ್ 2 ಪರ್ಸೆಂಟ್. ನೋಂದಣಿ ಶುಲ್ಕ ಮೊದಲು 1 ಪರ್ಸೆಂಟ್ ಇತ್ತು, 2025ರ ಆಗಸ್ಟ್ 31ರಿಂದ 2 ಆಗಿದೆ. ಮಾತಾಡಿದ ಬೆಲೆ, ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ. ಆಸ್ತಿ 50 ಲಕ್ಷ ಮುಟ್ಟಿದ್ರೆ ಕೊಳ್ಳೋರು 1 ಪರ್ಸೆಂಟ್ ಟಿಡಿಎಸ್ ಹಿಡಿದು ಕಟ್ಟಬೇಕು. ಬ್ರೋಕರ್ "ಆಫೀಸ್ ಖರ್ಚು" ಅಂತ ಕೇಳಿದ್ರೆ ಯಾವುದಕ್ಕೆ ಎಷ್ಟು, ಚಲನ್ ಎಲ್ಲಿ ಅಂತ ಕೇಳಿ.

2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಾಧಿಕಾರಿ ಕಚೇರಿಯಲ್ಲಾದ್ರೂ ನೋಂದಣಿ ಮಾಡಿಸಬಹುದು. ಎಲ್ಲೇ ಆಗಲಿ, ಸಹಿ ಹಾಕೋ ಮೊದಲು ಕರಡು ಪತ್ರ ಮನೆಗೆ ತಂದು ಹೆಸರು, ಸ್ವತ್ತಿನ ಸಂಖ್ಯೆ, ಅಳತೆ, ಚೆಕ್ಕುಬಂದಿ ಓದಿ. ನೋಂದಣಿ ದಿನ ಬೆಳಿಗ್ಗೆ ಇಸಿಯನ್ನ ಇನ್ನೊಂದ್ಸಲ ನೋಡಿ. ಬೀಗದ ಕೈ, ಒರಿಜಿನಲ್ ಪತ್ರಗಳು ಅವತ್ತೇ ಕೈಗೆ ಬರಬೇಕು. ಆಮೇಲೆ ಖಾತೆ ನಿಮ್ಮ ಹೆಸರಿಗೆ ಆಯ್ತಾ ಅಂತ ಪಂಚಾಯಿತಿ ಅಥವಾ ನಗರಸಭೆಯಲ್ಲಿ ಬೆನ್ನು ಹತ್ತಿ. ಖಾತೆ, ಕರೆಂಟ್ ಮೀಟರ್ ಹಳೆ ಹೆಸರಲ್ಲೇ ಬಿಡಬೇಡಿ.

ಎಡವಟ್ಟು ಆದ್ರೆ ಎಲ್ಲಿಗೆ ಹೋಗೋದು

ರೇರಾ ವ್ಯಾಪ್ತಿಯ ಲೇಔಟ್, ಏಜೆಂಟ್ ಬಗ್ಗೆ ಕರ್ನಾಟಕ ರೇರಾಗೆ ಆನ್‌ಲೈನ್ ದೂರು ಕೊಡಿ. ಸುಳ್ಳು ಕಾಗದ ತೋರಿಸಿ ದುಡ್ಡು ಪಡೆದಿದ್ರೆ ಪೊಲೀಸ್ ಠಾಣೆಗೆ ಹೋಗಿ. ಆಸ್ತಿ ಇನ್ನೊಬ್ಬರಿಗೆ ಮಾರೋ ಸೂಚನೆ ಕಂಡ್ರೆ ತಡ ಮಾಡದೆ ವಕೀಲರ ಮೂಲಕ ತಡೆಯಾಜ್ಞೆಗೆ ಅರ್ಜಿ ಹಾಕಿ. ವಕೀಲರ ಫೀಸಿಗೆ ಕಷ್ಟ ಇದ್ರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ರೂ ಉಚಿತ ನೆರವು ಸಿಗುತ್ತೆ. ಸಹಾಯವಾಣಿ ನಂಬರ್ 15100.

ಕೊನೆಗೆ ಒಂದು ಮಾತು. "ಇವತ್ತು ಸಂಜೆಯೊಳಗೆ ಅಡ್ವಾನ್ಸ್ ಕೊಡದಿದ್ರೆ ಇನ್ನೊಂದು ಪಾರ್ಟಿ ರೆಡಿ ಇದೆ" ಅಂತ ಯಾರಾದ್ರೂ ಅವಸರ ಮಾಡಿದ್ರೆ, ಆ ಪಾರ್ಟಿಗೇ ಕೊಡಿ ಅನ್ನಿ. ಕಾಗದ ಸರಿ ಇರೋ ಮಾಲೀಕರು ಕಾಗದ ತೋರಿಸೋಕೆ ಒಂದು ವಾರ ಕೊಡ್ತಾರೆ. ಕಸುಬು ಗೊತ್ತಿರೋ ಬ್ರೋಕರೂ ಅಷ್ಟೇ, ನೀವು ಇಸಿ ಕೇಳಿದ್ರೆ ಬೇಜಾರು ಮಾಡ್ಕೊಳ್ಳಲ್ಲ.