ಬ್ಯಾಚುಲರ್, ಬ್ರಹ್ಮಚಾರಿ, ಸ್ನಾತಕ

ವೇಮಗಲ್ಲಿನ ಬಳಿ ಕೈಗಾರಿಕಾ ಪ್ರದೇಶ ಬೆಳೆದಿರುವ ಈ ದಿನಗಳಲ್ಲಿ, ಬಾಡಿಗೆ ಮನೆಯ ಮಾತು ಬಂದೊಡನೆ ಕೇಳಿಬರುವ ಶಬ್ದ 'ಬ್ಯಾಚುಲರ್', 'ಬ್ರಹ್ಮಚಾರಿ' ಅಲ್ಲ. ಇದನ್ನು ಇಂಗ್ಲಿಷಿನ ವ್ಯಾಮೋಹವೆಂದು ತಳ್ಳಿಹಾಕುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ.

ಹಳೆಯ ಫ್ರೆಂಚಿನಿಂದ ಬಂದ ಈ ಶಬ್ದಕ್ಕೆ ಇಂಗ್ಲಿಷಿನಲ್ಲಿ ಸುಮಾರು 1300ರ ವೇಳೆಗೆ ಇದ್ದ ಅರ್ಥ, ಅನ್ಯರ ಧ್ವಜದಡಿ ಕಾದುವ ತರುಣ ಯೋಧ. ಆ ಶತಮಾನದಲ್ಲೇ ಅದು ವಿಶ್ವವಿದ್ಯಾನಿಲಯದ ಮೊದಲ ಪದವೀಧರನಿಗೂ ಅವಿವಾಹಿತನಿಗೂ ಸಂದಿತು. ಮೂರರಲ್ಲಿಯೂ ಭಾವ ಒಂದೇ: ಇನ್ನೂ ಪೂರ್ಣಸ್ಥಾನಕ್ಕೇರದವನು. 1695ರಲ್ಲಿ ಫ್ರಾನ್ಸಿನೊಡನೆ ನಡೆದಿದ್ದ ಯುದ್ಧದ ವೆಚ್ಚಕ್ಕಾಗಿ ಇಂಗ್ಲೆಂಡಿನಲ್ಲಿ 25 ವರ್ಷ ಮೀರಿದ ಅವಿವಾಹಿತ ಪುರುಷರ ಮೇಲೆ ತೆರಿಗೆಯನ್ನೇ ಹೇರಲಾಯಿತು. ವ್ರತದ ಭಾವ ಮಾತ್ರ ಆ ಶಬ್ದಕ್ಕೆ ಅಂಟಲಿಲ್ಲ.

ನಮ್ಮ ಬ್ರಹ್ಮಚಾರಿಯಾದರೋ ಮೊದಲಿಗೆ ವೇದಾಧ್ಯಯನನಿರತನು. ಅವಿವಾಹಿತನಾಗಿರುವುದು ಆ ವ್ರತದ ಒಂದು ಅಂಗ. ವ್ಯಾಸಂಗ ಮುಗಿಸಿ ಮಿಂದವನು ಸ್ನಾತಕ, ಎಂದರೆ ಮದುವೆಗೆ ಅರ್ಹನಾದವನು. (ಇಂದು ಬ್ಯಾಚುಲರ್ ಪದವಿಗೆ ನಾವಿತ್ತಿರುವ ಹೆಸರೂ 'ಸ್ನಾತಕ'ವೇ ಎಂಬುದು ವಿನೋದದ ಸಂಗತಿ.) ಪಾಳಿ ಮುಗಿಸಿ ಕೊಠಡಿಗೆ ಮರಳುವ ತರುಣನು ವ್ರತಸ್ಥನಲ್ಲ, ಸನ್ಯಾಸಿಯೂ ಅಲ್ಲ. ಅವನಿಗೆ 'ಅವಿವಾಹಿತ'ವೆಂಬುದು ಕಾಗದಪತ್ರದ ಮಾತಾಯಿತು, 'ಒಂಟಿ' ಕನಿಕರದ ಮಾತಾಯಿತು. ಆ ತೆರವಿಗೆ ಇಂಗ್ಲಿಷ್ ಶಬ್ದ ಬಂದು ನೆಲೆಸಿತು. ಜೊತೆಗೆ ತನ್ನ ಹಳೆಯ ಕೊರತೆಯ ಅರ್ಥವನ್ನೂ ತಂದಿತು. 'ಸಂಸಾರಸ್ಥರಿಗೆ ಮಾತ್ರ' ಎನ್ನುವ ಮನೆಯೊಡೆಯರ ಕಣ್ಣಿಗೆ ಅವನು ಇನ್ನೂ ಅನ್ಯರ ಧ್ವಜದಡಿಯಲ್ಲಿಯೇ ಇರುವವನು.